ಮೇಲಿನ ದಾರಿ

ಸುರೇಖಾ ಮಹಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಕೆಲಸ ನಿಲ್ಲಿಸಿ ಕೂರುತ್ತಾಳೆ. ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಗಂಗಾವತಿಯ ನಮ್ಮ ಸಣ್ಣ ಕಚೇರಿಯಲ್ಲಿ ಇಬ್ಬರದೂ ಒಂದೇ ಕೆಲಸ: ಜಾಲತಾಣಗಳಲ್ಲಿ ಬರುವ ನಕ್ಷೆ, ಚಿತ್ರಗಳಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆಯುವುದು. ಕಣ್ಣು ಕಾಣದವರಿಗೆ ಅವರ ಮೊಬೈಲು ಅದನ್ನು ಓದಿ ಹೇಳುತ್ತದೆ. ನಾನು ನಾಲ್ಕು ಸಾಲು ಗೀಚಿ ಚಹಾಕ್ಕೆ ಏಳುವಷ್ಟರಲ್ಲಿ ಆಕೆ ಮೊದಲ ಸಾಲನ್ನೇ ಮೂರು ಸಲ ಅಳಿಸಿರುತ್ತಾಳೆ.

"ತಪ್ಪು ಬರದ್ರ ಅವರಿಗೆ ಗೊತ್ತಾಗೂದಿಲ್ಲ ಮೇಘಾ," ಎನ್ನುತ್ತಾಳೆ.

ಆಕೆ ಬರೆದದ್ದನ್ನು ತಪ್ಪದೆ ಕೇಳುವವರು ಶಬ್ಬೀರಸಾಬರು. ಹುಟ್ಟಿನಿಂದ ಕಣ್ಣು ಕಾಣದು. ಕಾಲುವೆ ದಂಡೆಯ ಕ್ಯಾಂಪು ಎಂಬ ರೈತರ ಊರುಗಳಿಗೆ ಕೋಲು ಹಿಡಿದು ಒಬ್ಬರೇ ನಡೆದು ಹೋಗಿ ಕುರ್ಚಿ ಹೆಣೆದು ಬರುತ್ತಾರೆ. ಚಿತ್ರ ಅರ್ಥವಾದ ದಿನ ಫೋನ್ ಮಾಡಿ, "ಇವತ್ತು ಭಾಳ ಛಲೋ ಕಾಣಿಸ್ತ್ರಿ ಅಕ್ಕಾರ," ಎಂದು ನಗುತ್ತಾರೆ.

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಕಾಲುವೆ ಒಡೆಯಿತು. ಮಳೆ ಸುದ್ದಿಯ ಜಾಲತಾಣವೊಂದರಿಂದ ನಕ್ಷೆ ಬಂತು. ಆ ವಾರ ಶಬ್ಬೀರಸಾಬರು ಕೆಲಸಕ್ಕೆ ಹೋಗುತ್ತಿದ್ದ ಕ್ಯಾಂಪಿನದೇ ನಕ್ಷೆ. ಅಲ್ಲಿಗೆ ಎರಡು ದಾರಿ. ಚಿತ್ರದ ಕೆಳಭಾಗದ ದಾರಿಗೆ ಕೆಂಪು ಗುರುತು, ಮೇಲಿನದಕ್ಕೆ ಹಸಿರು. ಸುರೇಖಾ ಬರೆದಳು: "ಕೆಳಗಿನ ದಾರಿಯಲ್ಲಿ ನೀರು ನುಗ್ಗಿದೆ. ಮೇಲಿನ ದಾರಿಯಲ್ಲಿ ಹೋಗಬಹುದು." ನನಗೂ ತೋರಿಸಿದಳು. ನಾನು ಚಿತ್ರ ನೋಡುತ್ತಲೇ ಓದಿ, ಸರಿ ಇದೆ ಎಂದೆ.

ಒಂದು ತಾಸಾದ ಮೇಲೆ ನಮ್ಮಪ್ಪ ಫೋನ್ ಮಾಡಿದ. ನಮ್ಮ ಗದ್ದೆ ಕಾಲುವೆಯ ಕೊನೆಗಿದೆ. "ಮ್ಯಾಲೆ ಒಡದೈತೆವ್ವಾ, ಕೆಳಗ ನಮಗ ಹನಿ ನೀರು ಬರೂದಿಲ್ಲ," ಎಂದ. ಅದನ್ನೇ ನಾನು ಸುರೇಖಾಳಿಗೆ ಹೇಳಿದೆ.

"ಮ್ಯಾಲೆ ಎಲ್ಲೈತಿ? ಕೆಳಗ ಒಡದೈತಿ ನೋಡು," ಎಂದು ನಕ್ಷೆ ತೋರಿಸಿದಳು.

ಕಾಲುವೆ ಸೀಮೆಯ ನಮಗೆ ನೀರು ಬರುವ ಡ್ಯಾಮಿನ ಕಡೆ ಮೇಲೆ, ನೀರು ಹರಿದು ಹೋಗುವ ಕಡೆ ಕೆಳಗೆ. ಸುರೇಖಾ ಕಾಲುವೆಯನ್ನೇ ಕಾಣದ ಕುಷ್ಟಗಿ ಕಡೆಯವಳು. ಆಕೆಗೆ ಮೇಲೆ ಎಂದರೆ ಚಿತ್ರದ ಮೇಲ್ಭಾಗ. ಆ ನಕ್ಷೆಯಲ್ಲಿ ಡ್ಯಾಮಿನ ಕಡೆ ಇದ್ದದ್ದು ಚಿತ್ರದ ಕೆಳಭಾಗದಲ್ಲಿ. ಕ್ಯಾಂಪಿನವರ ಬಾಯಲ್ಲಿ ಮೇಲಿನ ದಾರಿ ಎಂದರೆ ನೀರು ನುಗ್ಗಿದ ದಾರಿಯೇ.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾನು ಸಾಲು ತಿದ್ದಲು ಕೂತೆ. ಆಕೆ ಶಬ್ಬೀರಸಾಬರಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಐದನೆಯ ಸಲ ಎತ್ತಿದರು. ನೀರಿನ ಸದ್ದು ನನಗೂ ಕೇಳಿಸಿತು.

"ಎಲ್ಲಿದ್ದೀರಿ?"

"ಮ್ಯಾಲಿನ ದಾರ್ಯಾಗ ಅದೀನ್ರಿ ಅಕ್ಕಾರ. ಮೊಣಕಾಲಮಟ ನೀರು ಬಂದೈತಿ. ಹಿಂದಕ ಹೋಗೂಣು ಅನಿಸ್ತು. ಆದ್ರ ನೀವು ಬರದೀರಲ್ಲ, ಮುಂದ ಕಡಿಮಿ ಆಗತೈತಿ ಅಂತ ಹೊಂಟೀನಿ."



"ನಿಂದರ್ರಿ!" ಸುರೇಖಾ ಕಿರುಚಿದಳು. "ನಾ ಬರದದ್ದು ತಪ್ಪೈತ್ರಿ. ಹಿಂದಕ ತಿರುಗ್ರಿ. ಕೋಲು ಊರಿಕೋತ ಬಂದ ದಾರೀಲೆ ಬರ್ರಿ."

ಆಮೇಲೆ ಫೋನಿನಲ್ಲಿ ಬರೀ ನೀರಿನ ಸದ್ದು, ಏದುಸಿರು. ಆಕೆ ನನ್ನ ಮುಂಗೈ ಹಿಡಿದಿದ್ದಳು. ಉಗುರು ನಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

"ಒಣ ನೆಲ ಸಿಕ್ತ್ರಿ ಅಕ್ಕಾರ," ಎಂದರು ಕೊನೆಗೆ. "ಎರಡೂ ಹಾದಿ ಕೂಡೂ ಜಾಗಾದಾಗ ನಿಂತೀನಿ. ಈಗ ಯಾವ ಕಡೆ ಹೋಗ್ಲಿ? ನೀವ ಹೇಳ್ರಿ."

ನಕ್ಷೆ ಆಕೆಯ ಕಣ್ಣ ಮುಂದೆಯೇ ಇತ್ತು. ಸುರೇಖಾ ಬಾಯಿ ತೆರೆದಳು. "ಮ್ಯಾ..." ಎಂದು ತಡೆದು, "ಕೆಳ..." ಎಂದು ತಡೆದು, ಫೋನನ್ನು ನನ್ನ ಕೈಗಿಟ್ಟಳು.