ಶಾಂತವೀರಪ್ಪನವರ ಬಲಗಣ್ಣು

ಕಾಫಿ ಗಿಡಕ್ಕೆ ಬಿಸಿಲು ಬೇಕು, ಆದರೆ ಇಷ್ಟೇ ಬೇಕು. ಎಷ್ಟು ಎಂದು ನೋಡಿ ಹೇಳಬಲ್ಲವರು ಒಂದು ತೋಟದಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಮಲ್ಲಂದೂರಿನ ಮೇಲಿನ ತೋಟದಲ್ಲಿ ಶಾಂತವೀರಪ್ಪ ಇದ್ದರು. ಮುಂಗಾರಿಗೆ ಮೊದಲು ನೆರಳಿನ ಮರ ಹತ್ತಿ, ಹೆಚ್ಚಾದ ಕೊಂಬೆ ಕಡಿದು ನೆರಳನ್ನು ತೆಳುಮಾಡುವ ಕೆಲಸಕ್ಕೆ ಇಲ್ಲಿ ಮರಗಸಿ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಅವರು ಮಾಡಿದ್ದು ಅದನ್ನೇ.

ಹತ್ತುವ ಮೊದಲು ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಯಾವ ಕೊಂಬೆಯ ನೆರಳು ಯಾವ ಗಿಡದ ಮೇಲಿದೆ, ಅದನ್ನು ತೆಗೆದರೆ ಮಧ್ಯಾಹ್ನದ ಬಿಸಿಲು ಎಲ್ಲಿಗೆ ಇಳಿಯುತ್ತದೆ ಎಂಬುದು ಅವರಿಗೆ ನೆಲದಲ್ಲಿ ನಿಂತಾಗಲೇ ಗೊತ್ತಾಗುತ್ತಿತ್ತು. ಅವರು ಕೈಯಾಡಿಸಿದ ತೋಟದಲ್ಲಿ ಬಿಸಿಲು ಜರಡಿ ಹಿಡಿದಂತೆ ಬಿದ್ದು, ಗಾಳಿ ಬಂದಾಗ ಗಿಡದಿಂದ ಗಿಡಕ್ಕೆ ಜರುಗುತ್ತಿತ್ತು.

ಅವರ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಮೇ ತಿಂಗಳು, ಲೈನಿಗೆ ಮದ್ರಾಸ್ ಐ ಬಂತು. ಲೈನ್ ಎಂದರೆ ತೋಟದ ಕೆಲಸದವರ ಸಾಲುಮನೆ. ಎರಡು ಸಂಸಾರದ ನಡುವೆ ಒಂದೇ ಗೋಡೆ, ಹತ್ತು ಸಂಸಾರಕ್ಕೆ ಒಂದೇ ನಲ್ಲಿ. ಮೂಡಿಗೆರೆಯ ಮದುವೆಗೆ ಹೋಗಿಬಂದವರು ತಂದರಂತೆ. ಬೆಳಗ್ಗೆ ಎದ್ದರೆ ಗೀಜು ಕಟ್ಟಿ ರೆಪ್ಪೆ ಅಂಟಿರುತ್ತಿತ್ತು. ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ಬಿಡಿಸಬೇಕು. ಇಂದು ಒಂದು ಕಣ್ಣು ಕೆಂಪಾದರೆ ನಾಡಿದ್ದು ಇನ್ನೊಂದು. ಮರಳು ಹೊಕ್ಕ ಹಾಗೆ ಕಿರಿಕಿರಿ. ಆದರೆ ಯಾರಿಗೂ ನೋಟ ಮಂಜಾಗಲಿಲ್ಲ, ಹತ್ತು ದಿನದಲ್ಲಿ ತಾನಾಗಿಯೇ ವಾಸಿಯಾಗುತ್ತಿತ್ತು.

ತೋಟದ ಲೆಕ್ಕ ಬರೆಯುವ ರೈಟರ್ ಪ್ರಶಾಂತ್ ಹಾಜರಿ ಕರೆಯುವಾಗ ಒಂದು ನಿಯಮ ಮಾಡಿದ.

"ಕಣ್ಣು ಕೆಂಪಾದವ್ರು ಕಳೆ ತೆಗಿಯೋಕೆ ಗುಂಪಲ್ಲಿ ಹೋಗ್ಬೇಡಿ. ಮರಗಸಿಯವ್ರಾದ್ರೆ ಹೋಗಿ. ಮರದ ಮೇಲೆ ಯಾರಿಗೆ ಅಂಟತ್ತೆ?"

"ಮಂಗಕ್ಕೆ ಅಂಟತ್ತೆ ರೈಟ್ರೇ," ಅಂದ ರಾಜೇಶ್. ಹದಿನೈದು ವರ್ಷದಿಂದ ಶಾಂತವೀರಪ್ಪನವರ ಜೊತೆ ಮರ ಹತ್ತುತ್ತಿದ್ದವನು. "ಆಮೇಲೆ ಅವಕ್ಕೂ ನೀವೇ ಡ್ರಾಪ್ಸ್ ಬಿಡ್ಬೇಕು."

ಡ್ರಾಪ್ಸ್ ಬಾಟಲಿ ನಿಜವಾಗಿಯೂ ಪ್ರಶಾಂತನ ಆಫೀಸಿನ ಕಿಟಕಿಯಲ್ಲಿತ್ತು. ಅವನ ತಾಯಿಗೆ ಕಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರು ಬರೆದುಕೊಟ್ಟದ್ದರಲ್ಲಿ ಮಿಕ್ಕಿದ್ದು. ದೊಡ್ಡ ಡಾಕ್ಟರ ಔಷಧಿ ಎಂದು ಅದಕ್ಕೆ ಲೈನಿನಲ್ಲಿ ತುಂಬಾ ಮರ್ಯಾದೆ. ಮನೆಯಿಂದ ಮನೆಗೆ ಹೋಗುತ್ತಿತ್ತು, ಬರುತ್ತಿತ್ತು.

ಒಂದು ಮಂಗಳವಾರ ಹಾಲುವಾಣದ ಮರದಲ್ಲಿ ಶಾಂತವೀರಪ್ಪ ಕೊಂಬೆಯೊಂದನ್ನು ಬಾಗಿಸಿ ಹಿಡಿದು ಕಡಿಯುತ್ತಿದ್ದರು. ಹಿಡಿತ ಜಾರಿ ಕೊಂಬೆ ಚಿಮ್ಮಿತು. ಮುಳ್ಳಿನ ತುದಿ ಬಲಗಣ್ಣಿಗೆ ತಾಗಿತು. ಟವೆಲಿನಿಂದ ಒತ್ತಿಕೊಂಡರು, ಕಣ್ಣೀರು ಸುರಿಯಿತು, ನಿಂತಿತು. ಇನ್ನೆರಡು ಕೊಂಬೆ ಕಡಿದು ಇಳಿದರು. ಮರಗಸಿಯಲ್ಲಿ ಕಣ್ಣಿಗೆ ಧೂಳು, ತೊಗಟೆ, ಇರುವೆ ಬೀಳದ ದಿನವಿಲ್ಲ. ಅದನ್ನು ಮನೆಗೆ ಹೋಗಿ ಹೇಳುವವರೂ ಇಲ್ಲ.

ಮಾರನೆಯ ದಿನ ಕಣ್ಣು ಕೆಂಪಾಗಿತ್ತು.

"ಬಂತಲ್ಲಪ್ಪ ನಮ್ಮ ಶಾಂತವೀರಣ್ಣನಿಗೂ!" ನಲ್ಲಿಯ ಹತ್ತಿರ ಎಲ್ಲರೂ ನಕ್ಕರು. ಅವರೂ ನಕ್ಕರು.

ಹೆಂಡತಿ ನಂಜಮ್ಮ ಮಾತ್ರ ಮೂರನೆಯ ದಿನ ಹತ್ತಿರ ಬಂದು ನೋಡಿ ಕೇಳಿದರು. "ಎಡಗಣ್ಣು ಬೆಳ್ಳಗೇ ಇದ್ಯಲ್ರೀ?"

"ಅದಕ್ಕೂ ಬರತ್ತೆ. ಎಂತಕ್ಕೆ ಅವಸರ?"

"ನೋವು?"

"ಒಳಗಿಂದ ಬರ್ತಿದೆ. ಬೆಳಕು ನೋಡಕ್ಕಾಗ್ತಿಲ್ಲ."

"ನಂಗೆ ಬಂದಾಗ ಇಷ್ಟು ನೋವಿರ್ಲಿಲ್ಲ."

"ನಿಂಗೆ ಎಂಥ ನೋವಾದ್ರೂ ಬಾಯಿ ನಿಂತಿದ್ದುಂಟಾ? ಮಾತಿನ ಭರದಲ್ಲಿ ನಿಂಗೇ ಗೊತ್ತಾಗಿರ್ಲಿಕ್ಕಿಲ್ಲ."

ನಂಜಮ್ಮ ನಗುತ್ತಾ ಬಾಟಲಿ ತಂದು ಎರಡು ಹನಿ ಬಿಟ್ಟರು. ಎರಡು ದಿನದಲ್ಲಿ ಕೆಂಪು ಇಳಿಯಿತು, ನೋವು ಮಂದವಾಯಿತು. ಇಬ್ಬರೂ ಎಡಗಣ್ಣು ಕೆಂಪಾಗುವುದನ್ನು ಕಾಯುತ್ತಿದ್ದರು. ಅದು ಕೆಂಪಾಗಲಿಲ್ಲ. ಗೀಜು ಕಟ್ಟಲಿಲ್ಲ. ಶಾಂತವೀರಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಇನ್ನೂ ನಾಲ್ಕು ದಿನ ಮರ ಹತ್ತಿದರು. ಬಿಸಿಲು ಕಣ್ಣಿಗೆ ಸೂಜಿಯಂತೆ ಇಳಿಯುತ್ತಿತ್ತು. ಮರಗಸಿ ಮುಗಿಯಲು ಹದಿನೈದು ದಿನವಿತ್ತು, ಆಕಾಶದಲ್ಲಿ ಮೋಡ ಕೂಡುತ್ತಿತ್ತು.

ಹತ್ತನೆಯ ದಿನ ಬೆಳಗ್ಗೆ ಜಗಲಿಯ ಬೆಳಕಿನಲ್ಲಿ ನಂಜಮ್ಮ ರೆಪ್ಪೆ ಬಿಡಿಸಿ ನೋಡಿದರು. ಕರಿಗುಡ್ಡೆಯ ಮೇಲೆ ನುಚ್ಚಿನಷ್ಟು ಬಿಳಿ ಕೂತಿತ್ತು. ಒರೆಸಿದರೆ ಹೋಗಬಹುದೆಂದು ಸೆರಗಿನ ತುದಿ ಹತ್ತಿರ ತಂದವರು, ಯಾಕೋ ಕೈ ಹಿಂದಕ್ಕೆ ತೆಗೆದರು.

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು ರೂಪಶ್ರೀ ಎಂಬ ಹೆಣ್ಣುಮಗಳು. ಯಂತ್ರದ ಮುಂದೆ ಶಾಂತವೀರಪ್ಪನವರ ಗಲ್ಲ ಇರಿಸಿ ತುಂಬಾ ಹೊತ್ತು ನೋಡಿದರು.

"ಏನಾದ್ರೂ ತಾಗಿತ್ತಾ ಕಣ್ಣಿಗೆ? ಕಡ್ಡಿ, ಎಲೆ?"

"ಇಲ್ಲ. ಮದ್ರಾಸ್ ಐ. ಲೈನಲ್ಲಿ ಎಲ್ರಿಗೂ ಇತ್ತು."

"ಮದ್ರಾಸ್ ಐ ಎರಡೂ ಕಣ್ಣಿಗೆ ಬರತ್ತೆ. ನಿಮಗೆ ಒಂದಕ್ಕೇ ಯಾಕೆ?"

ಶಾಂತವೀರಪ್ಪ ಬಲಗಣ್ಣಿನ ಮೇಲೆ ಕೈಯಿಟ್ಟರು. ಆಗ ನೆನಪಾಯಿತು. "ಹೋದ ವಾರ ಮಂಗಳವಾರ ಹಾಲುವಾಣದ ಕೊಂಬೆ ಹೊಡ್ದಿತ್ತು," ಅಂದರು. ನಂಜಮ್ಮ ಅವರ ಕಡೆ ತಿರುಗಿದರು. ಆ ಮಾತು ಅವರಿಗೂ ಹೊಸದು.

"ಏನು ಹಾಕಿದ್ರಿ?"

ನಂಜಮ್ಮ ಚೀಲದಿಂದ ಬಾಟಲಿ ತೆಗೆದುಕೊಟ್ಟರು. ಡಾಕ್ಟರು ಅದರ ಚೀಟಿ ಓದಿ ಮೇಜಿನ ಮೇಲಿಟ್ಟರು. ಬೈಯಲಿಲ್ಲ.

"ಒದ್ದೆ ಕಾಫಿಗೆ ಬೂಸ್ಟು ಹಿಡಿಯತ್ತಲ್ಲ ಅಮ್ಮ, ಇವರ ಕಣ್ಣಿಗೆ ಹಿಡಿದಿರೋದು ಅಂಥದ್ದೇ. ಮುಳ್ಳಿಂದ ಒಳಗೆ ಹೋಗಿದೆ. ಈ ಡ್ರಾಪ್ಸ್ ಆಪರೇಷನ್ ಆದವರಿಗೆ. ಕೆಂಪು ಇಳಿಸತ್ತೆ, ನಿಜ. ಬೂಸ್ಟಿಗೆ ಮಾತ್ರ ಇದೇ ಗೊಬ್ಬರ." ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು. "ಕಣ್ಣು ಕೆಂಪಾಗಿ ಜೊತೆಗೆ ನೋವಿದ್ರೆ, ಬೆಳಕು ಚುಚ್ಚಿದ್ರೆ, ಮಂಜಾದ್ರೆ, ಏನಾದ್ರೂ ತಾಗಿದ್ರೆ, ಅವತ್ತೇ ಬರ್ಬೇಕು. ಮೊದಲ ದಿನವೇ ಬಂದಿದ್ರೆ..." ಅಷ್ಟಕ್ಕೇ ಚೀಟಿ ಬರೆಯತೊಡಗಿದರು.

"ಮರ ಹತ್ತಬಹುದಾ?" ಶಾಂತವೀರಪ್ಪ ಕೇಳಿದ್ದು ಅದೊಂದೇ.

"ಮೊದಲು ಕಣ್ಣು ಉಳೀಲಿ."

ಗಂಟೆಗೊಮ್ಮೆ ಹನಿ, ಹಗಲೂ ರಾತ್ರಿಯೂ. ನಂಜಮ್ಮ ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟುಕೊಂಡರು. ಅದು ಹೊಡೆದುಕೊಂಡಾಗಲೆಲ್ಲ ಪಕ್ಕದ ಮನೆಯವರೂ ಮಗ್ಗುಲು ಬದಲಿಸುತ್ತಿದ್ದರು. ಮಳೆ ಹಿಡಿಯಿತು. ಬಿಳಿ ಅಗಲವಾಗುತ್ತ ಹೋಯಿತು. ರೂಪಶ್ರೀ ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ಘಾಟಿ ಇಳಿದು ಹೋಗಿ ಹದಿನೆಂಟು ದಿನ ಅಲ್ಲಿದ್ದರು. ಹುಣ್ಣು ಮಾಯಿತು, ಕಣ್ಣುಗುಡ್ಡೆ ಉಳಿಯಿತು. ಅದರ ಮೇಲೆ ಹಾಲಿನ ಕೆನೆಯಂಥ ಕಲೆ ಉಳಿಯಿತು. ಕಲೆಯೊಳಗೆ ರಕ್ತನಾಳ ಬೆಳೆದಿರುವುದರಿಂದ, ಸತ್ತವರು ದಾನ ಕೊಟ್ಟ ಪಾರದರ್ಶಕ ಪದರ ಹಾಕಿದರೂ ಹಿಡಿಯುವ ಭರವಸೆ ಕಡಿಮೆ ಎಂದರು ಅಲ್ಲಿಯವರು. ಆ ಕಣ್ಣಿಗೆ ಈಗ ಹಗಲು ರಾತ್ರಿ ಗೊತ್ತಾಗುತ್ತದೆ. ಅಷ್ಟೇ.

ಮಳೆಗಾಲದಲ್ಲಿ ಒಂದು ದಿನ ಪ್ರಶಾಂತ್ ಬಂದು ಬಾಗಿಲಲ್ಲೇ ಕೊಡೆ ಮಡಚದೆ ನಿಂತ.

"ಶಾಂತವೀರಣ್ಣ, ಅದೇ ಡ್ರಾಪ್ಸ್ ಇಪ್ಪತ್ತು ಜನ ಹಾಕ್ಕೊಂಡ್ರು. ಯಾರಿಗೂ ಎಂತದೂ ಆಗ್ಲಿಲ್ಲ."

"ಹೌದು ರೈಟ್ರೇ."

"ನಾನು ಒಳ್ಳೇದಕ್ಕೇ..."

"ಗೊತ್ತು. ಒಳಗೆ ಬನ್ನಿ, ನೆನೀತೀರಿ."

ಅವನು ಒಳಗೆ ಬರಲಿಲ್ಲ.

ಚಳಿಗಾಲದಲ್ಲಿ ಶಾಂತವೀರಪ್ಪ ಕಾಫಿ ಕೊಯ್ಲಿಗೆ ಹೋದರು. ಒಂದೇ ಕಣ್ಣಿಗೆ ಹತ್ತಿರ ದೂರ ತಿಳಿಯದೆ, ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಚೆಲ್ಲುತ್ತಿತ್ತು. ಮೆಟ್ಟಿಲು ಇದೆಯೋ ಇಲ್ಲವೋ ಎಂದು ಕಾಲಿನಿಂದ ತಡವಿ ಇಳಿಯುತ್ತಿದ್ದರು. ಆದರೂ ಮರಗಸಿಯ ಹೊತ್ತಿಗೆ ಎಡಗಣ್ಣೊಂದೇ ರೂಢಿಯಾಗುತ್ತದೆ ಎಂದು ಅವರು ನಂಬಿದ್ದರು. ಬಿಡುವಿದ್ದಾಗ ಮರದ ಬುಡದಲ್ಲಿ ನಿಂತು ಮೇಲೆ ನೋಡಿ, ಕೆಳಗೆ ನೋಡಿ, ಅಭ್ಯಾಸ ಮಾಡುತ್ತಿದ್ದರು.

ಏಪ್ರಿಲ್ ಬಂತು. ಕೆಲಸ ಮಾಡಿಸುವ ಮೇಸ್ತ್ರಿ ಅವರನ್ನು ಮರ ಹತ್ತಲು ಬಿಡಲಿಲ್ಲ. ಕಡಿದ ಕೊಂಬೆ ಇಳಿಸುವ ಹಗ್ಗ ಹಿಡಿದು ಕೆಳಗೆ ನಿಲ್ಲುವ ಕೆಲಸ ಕೊಟ್ಟರು. ರಾಜೇಶ್ ಅತ್ತಿಯ ಮರ ಹತ್ತಿ ಮೇಲಿನಿಂದ ಕೂಗಿದ.

"ಯಾವ್ದು ಹೇಳಿ ಶಾಂತವೀರಣ್ಣ. ಕಣ್ಣು ನಿಮ್ದು, ಕತ್ತಿ ನಂದು."

ಅವರು ತಲೆಯೆತ್ತಿದರು. ಕೊಂಬೆಗಳೆಲ್ಲ ಒಂದೇ ಗೋಡೆಗೆ ಬರೆದಂತೆ ಚಪ್ಪಟೆಯಾಗಿದ್ದವು. ಮುಂದಿನದು ಯಾವುದು, ಹಿಂದಿನದು ಯಾವುದು ತಿಳಿಯಲಿಲ್ಲ. ನೆಲ ನೋಡಿದರು. ಮತ್ತೆ ಮೇಲೆ ನೋಡಿದರು.

"ನಿನ್ನ ಬಲಗೈ ಹತ್ರ ಇರೋದು. ಬುಡದಲ್ಲೇ ತೆಗಿ."

"ಇದಾ? ಖಂಡಿತಾನಾ?"

"ತೆಗಿ ಮಾರಾಯ."

ಹಗ್ಗದಲ್ಲಿ ಕೊಂಬೆ ನಿಧಾನವಾಗಿ ಇಳಿದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಬಿಸಿಲು ಒಟ್ಟಾಗಿ ಬಿತ್ತು. ಐದಾರು ಗಿಡಗಳು ಅಡಿಯಿಂದ ತುದಿಯವರೆಗೆ ಬೆಳ್ಳಗೆ ಹೊಳೆದವು. ಮೇ ತಿಂಗಳು ಮುಗಿಯುವುದರೊಳಗೆ ಅವುಗಳ ಎಲೆ ಸುಡುತ್ತದೆ ಎಂದು ತೋಟದಲ್ಲಿ ಕೆಲಸ ಮಾಡುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೇಸ್ತ್ರಿ ಬಂದು ಮೇಲೆ ನೋಡಿದರು. "ಇರ್ಲಿ ಬಿಡಿ," ಅಂದರು.

ರಾಜೇಶ್ ಇಳಿದು ಬೀಡಿ ಹಚ್ಚಿದ, ಸೇದಲಿಲ್ಲ. ಪಕ್ಕದ ಮರದ ಬುಡಕ್ಕೆ ಹೋಗಿ ತಾನೇ ತಲೆಯೆತ್ತಿ ನೋಡಿದ, ತಲೆ ತಗ್ಗಿಸಿ ನೆಲ ನೋಡಿದ, ಹತ್ತಿದ. ಯಾವುದು ಎಂದು ಈ ಸಲ ಕೇಳಲಿಲ್ಲ. ಶಾಂತವೀರಪ್ಪ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದು ನಿಂತರು.