ಪರ್ಸಿ ಕಲ್ಲಿನ ಮೇಲೆ ರಾಷ್ಟ್ರಕೂಟರು

ನಮ್ಮ ಪಕ್ಕದ ಮನೆಯ ಸಾವಕಾರರಿಗೆ ಶಹಾಬಾದದಲ್ಲಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಮಷೀನಿತ್ತು, ಅಂತರಿಕ್ಷದಲ್ಲಿ ಒಂದು ಸಾಮ್ರಾಜ್ಯವಿತ್ತು. ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು, ದಾಳ ಉರುಳಿಸಿ, ಮುಂದಿನ ಯುಗದ ಯುದ್ಧ ಮಾಡುವ ಆಟದ ಹುಚ್ಚು ಅವರಿಗೆ. ಉಳಿದವರು ಅಂಗಡಿಯ ರೋಬೋಟುಗಳಿಂದ ತೃಪ್ತರಾದರೆ, ಇವರು ಮಳಖೇಡದ ರಾಷ್ಟ್ರಕೂಟರನ್ನೇ ಎಬ್ಬಿಸಿ ನಕ್ಷತ್ರಗಳಿಗೆ ಕಳಿಸಿದರು. ಆನೆಯ ಸೊಂಡಿಲಿಗೆ ಲೇಸರ್ ತೋಪು ಕಟ್ಟುವಾಗ ಅವರು ಹಿಂದೆಮುಂದೆ ನೋಡಲಿಲ್ಲ. ಸೈನಿಕನ ಮೀಸೆ ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೆ ಮಾತ್ರ ಕೆರೆದು ಮತ್ತೆ ಬರೆಯುತ್ತಿದ್ದರು. “ಇತಿಹಾಸಕ್ಕ ಅನ್ಯಾಯ ಆಗಬಾರದ್ರಿ.”

ಗೊಂಬೆಗಳ ಕಾಲ ಕೆಳಗೆ ಎಲ್ಲರೂ ಪ್ಲಾಸ್ಟಿಕ್ ಬಿಲ್ಲೆ ಅಂಟಿಸುತ್ತಾರೆ. “ನಮ್ಮೂರ ಕಲ್ಲು ಬಿಟ್ಟು ಚಕ್ರವರ್ತಿಗಿ ಪ್ಲಾಸ್ಟಿಕ್ ಮ್ಯಾಲ ನಿಂದ್ರಸ್ಲೇನ್ರಿ?” ಎಂದು ಇವರು ಪರ್ಸಿ ಕೊಯ್ದು, ಪಾಲಿಶ್ ಹೊಡೆದು ಪೀಠ ಮಾಡಿದರು.

ಮೊದಲ ಯುದ್ಧ ಹತ್ತಿರದ ವಾಡಿಯಲ್ಲಿ, ಇದೇ ಹುಚ್ಚಿನ ಮಾಸ್ತರರೊಬ್ಬರ ಮನೆಯಲ್ಲಿ. ಸೈನ್ಯವನ್ನು ಟಂಟಂ ಆಟೋದಿಂದ ಇಳಿಸಲು ನಾನೂ ಬೇಕಾದೆ. ರಣರಂಗವೆಂದರೆ ಎರಡು ಸ್ಟೂಲುಗಳ ಮೇಲಿಟ್ಟ ಪ್ಲೈವುಡ್ ಹಲಗೆ. ಕಲ್ಲಿನ ಪೀಠಗಳ ಸಮೇತ ಗಜಪಡೆ ನಿಲ್ಲುತ್ತಲೇ ಅದು ನರಳಿತು.

“ಸಾವಕಾರ್ರೀ, ಹಲಗಿ ಬಗ್ಗಲಿಕತ್ತದ” ಎಂದರು ಮಾಸ್ತರರು.

“ರಾಷ್ಟ್ರಕೂಟರ ಮುಂದ ಎಲ್ಲಾರೂ ಬಗ್ಗೋರೇ” ಎನ್ನುತ್ತ ಇವರು ಎರಡೂ ಕೈಯಿಂದ ಚಕ್ರವರ್ತಿಯನ್ನು ಇಟ್ಟರು.

ಹಲಗೆ ಮುರಿಯಿತು. ದಾಳ ಉರುಳುವ ಮೊದಲೇ ಸಾಮ್ರಾಜ್ಯ ಉರುಳಿತು. ಸೊಂಡಿಲು, ತೋಪು, ಅಷ್ಟು ಜತನದ ಮೀಸೆಗಳು, ಎಲ್ಲ ಮಣ್ಣುಪಾಲು. ಸಾವಕಾರರು ಮಂಡಿಯೂರಿ, ಚಕ್ರವರ್ತಿಯಿಲ್ಲದ ಪೀಠವೊಂದನ್ನು ಎತ್ತಿ, ಅಂಗಿಯ ಚುಂಗಿನಿಂದ ಒರೆಸಿ ಬೆಳಕಿಗೆ ಹಿಡಿದರು.

“ಸೈನ್ಯ ಹೋಗ್ಲಿ ಬಿಡ್ರಿ. ಕಲ್ಲಿಗಿ ಒಂದಾದ್ರೂ ಗೆರಿ ಬಿದ್ದದೇನು ನೋಡ್ರಿ!”