ನಾನು ಬರೆಯದ ಬಾಣಗಳು

ನಾನು ಮನೆಯಲ್ಲಿ, ಕಾಲೇಜಿನಲ್ಲಿ, ಬಸ್ ಕಂಡಕ್ಟರ್ ಮುಂದೆ, ಎಲ್ಲ ಕಡೆ ಸುಳ್ಳು ಹೇಳಿದವನೇ. ಆದರೆ ಇದು ನಡೆದದ್ದು. ಇಮ್ರಾನನನ್ನು ಮಾತ್ರ ಕೇಳಬೇಡಿ. ಅವನಿಗೆ ಗೊತ್ತಿರುವುದು ಅರ್ಧ...

ಕೆಮ್ಮಣ್ಣುಗುಂಡಿ ಕಡೆಯ ಒಂದು ಹೋಂಸ್ಟೇಯವರು ಅವನಿಗೆ ಕೆಲಸ ಕೊಟ್ಟಿದ್ದರು. ಚಾರಣಕ್ಕೆ ಬರುವವರು ದಾರಿ ತಪ್ಪದಂತೆ, ಕಾಲುದಾರಿಯ ಬಂಡೆಗಳ ಮೇಲೆ ಬಿಳಿ ಬಾಣದ ಗುರುತು ಹಾಕಬೇಕು. ತರೀಕೆರೆಯಲ್ಲಿ ಅಂಗಡಿ ಬೋರ್ಡ್ ಬರೆಯುವ ಗೆಳೆಯ ಇಮ್ರಾನನ ಜೊತೆ ಡಬ್ಬ ಹಿಡಿಯಲು ಹೋದವನು ನಾನು. ಹಟ ಮಾಡಿ ಬ್ರಷ್ ಕಿತ್ತುಕೊಂಡೆ.

"ಇದೇನ್ಲೇ, ಬಾಣನೋ ಮೀನೋ?" ಎಂದ ಇಮ್ರಾನ್.

"ದಾರಿ ತೋರ್ಸಿದ್ರೆ ಸಾಕು ಕಣೋ."

ತುದಿ ತಲುಪಿದ ಮೇಲೆ ನನ್ನ ಘನಕಾರ್ಯ ಗೊತ್ತಾಯಿತು. ಬಾಣಗಳೆಲ್ಲ ಬಂಡೆಗಳ ಕೆಳಮುಖದಲ್ಲಿ. ಹತ್ತುವವರಿಗೆ ಕಾಣುತ್ತವೆ, ಇಳಿಯುವವರಿಗೆ ಒಂದೂ ಇಲ್ಲ.

"ಇಳಿಯೋರು ಹಿಂದಕ್ಕೆ ತಿರುಗ್ಕೊಂಡ್ ನಡೀಬೇಕೇನಪ್ಪಾ?"

ನಕ್ಕೆವು. ಅಷ್ಟರಲ್ಲಿ ಮಂಜು ಕವಿಯಿತು. ಕತ್ತಲಾಯಿತು. ಮೊಬೈಲ್ ಟಾರ್ಚ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಅಷ್ಟೇ. ಕಾಲಡಿಯ ದಾರಿ ಎಲ್ಲಿ ತಪ್ಪಿತೋ...

ಆಗ ಒಂದು ಬಂಡೆ. ಅದರ ಮೇಲೆ, ಇಳಿಯುವ ನಮಗೆ ಕಾಣುವಂತೆ, ಒಂದು ಬಾಣ. ನನ್ನದೇ ಮೀನು, ನನ್ನದೇ ಸೊಟ್ಟ ಬಾಲ.

"ಹಾಕಿದೀಯಲ್ಲೋ!"

"ಮತ್ತೆ? ನನ್ನೇನ್ ಅಂದ್ಕೊಂಡಿದ್ದೆ."

ಹಾಕಿರಲಿಲ್ಲ. ಆದರೆ ಬಿಟ್ಟಿ ಸಿಕ್ಕ ಹೊಗಳಿಕೆಯನ್ನು ಬೇಡ ಎನ್ನುವಷ್ಟು ದೊಡ್ಡ ಮನುಷ್ಯನಲ್ಲ ನಾನು. ಇಮ್ರಾನ್ ನನ್ನ ಮಾತು ನಂಬಿ ಮುಂದೆ ನಡೆದ.

ಎರಡನೆಯ ಬಾಣ. ಮೂರನೆಯದು. ನಾಲ್ಕನೆಯ ಬಂಡೆಗೆ ಕೈ ಊರಿದೆ... ಅಂಗೈ ಅಂಟಿತು. ಹಸಿ ಬಣ್ಣ. ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಡಬ್ಬ, ಬ್ರಷ್ ಎರಡೂ ನನ್ನ ಚೀಲದಲ್ಲೇ ಇದ್ದವು.

ಮುಂದೆ ಎಲ್ಲೋ ಕಲ್ಲಿನ ಮೇಲೆ ಬ್ರಷ್ ಎಳೆಯುವ ಸದ್ದು. ಸರ್ರ್... ಸರ್ರ್...

ಇಮ್ರಾನನನ್ನು ಕೂಗಲು ಬಾಯಿ ತೆರೆದೆ.

ಅಷ್ಟರಲ್ಲಿ ಅವನ ಕಾಲಡಿಯ ಕಲ್ಲು ಜಾರಿತು. ಅದು ಕೆಳಗೆ ಬಿದ್ದ ಸದ್ದು ಬರಲು ತುಂಬ ಹೊತ್ತಾಯಿತು.

"ಕೈ ಕೊಡೋ... ಕೈ ಕೊಡು..."

ಹಿಂದೆಂದೋ ಅದಿರು ತೆಗೆದು ಬಿಟ್ಟ ಗುಂಡಿಯ ಅಂಚು. ಇಮ್ರಾನ್ ಒಂದು ಪೊದೆ ಹಿಡಿದು ನೇತಾಡುತ್ತಿದ್ದ. ಮಲಗಿ ಅವನ ಮಣಿಕಟ್ಟು ಹಿಡಿದೆ. ನನ್ನ ಕೈಯಲ್ಲಿದ್ದ ಬಣ್ಣಕ್ಕೆ ಎರಡು ಸಲ ಜಾರಿತು. ಮೂರನೆಯ ಸಲ ಅಂಗಿಯ ಕಾಲರ್ ಸಿಕ್ಕಿತು, ಎಳೆದೆ.

ಬೆಳಗಾಗುವವರೆಗೂ ಅಲ್ಲೇ ಕುಳಿತೆವು. ಅವನು ಮೊಣಕಾಲು ಹಿಡಿದು ನರಳುತ್ತಿದ್ದ. ಗುಂಡಿಯೊಳಗಿಂದ ಬರುತ್ತಿದ್ದ ಆ ಸರ್ರ್ ಸದ್ದು ಅವನಿಗೆ ಕೇಳಿಸಿದಂತಿರಲಿಲ್ಲ.

ಬೆಳಕಾದ ಮೇಲೆ ನಾಲ್ಕೂ ಬಾಣಗಳನ್ನು ಕಲ್ಲಿನಿಂದ ಕೆರೆದು ಅಳಿಸಿದೆ. ಇಮ್ರಾನ್ ಗುಂಡಿಗೆ ಬೆನ್ನು ಹಾಕಿ ನಿಂತು ನನ್ನನ್ನೇ ನೋಡುತ್ತಿದ್ದ.

"ನಿಜ ಹೇಳು. ಇವನ್ನೆಲ್ಲ ನೀನೇ ಹಾಕಿದ್ದಾ?"

ಅವನ ಹೆಗಲ ಆಚೆ ಗುಂಡಿಯ ಎದುರು ಗೋಡೆ ಕಾಣುತ್ತಿತ್ತು. ಮನುಷ್ಯರು ಕಾಲಿಡಲಾಗದ ಕಡಿದಾದ ಜಾಗ. ಅಲ್ಲಿ ಐದನೆಯ ಬಾಣ... ಅದರ ತುದಿ ನಮ್ಮ ಕಡೆಗಿತ್ತು. ಬಿಳಿ ಬಣ್ಣ ಇನ್ನೂ ಕೆಳಗೆ ಸೋರುತ್ತಿತ್ತು.

"ಹೂಂ ಕಣೋ. ನಾನೇ" ಎಂದೆ.

ಅಂದಿನಿಂದ ಇಮ್ರಾನ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ತನ್ನನ್ನು ಕೊಲ್ಲಲು ಹೊರಟಿದ್ದ ದಡ್ಡ ಎಂದು ಊರೆಲ್ಲ ಹೇಳುತ್ತಾನಂತೆ. ಹೇಳಲಿ. ಅವನಿಗೆ ರಾತ್ರಿ ನಿದ್ದೆಯಾದರೂ ಬರುತ್ತದೆ.